ನೆರೆಯವನ ಮಾತನ್ನು ಮತ್ತೆ ಕೇಳುವುದು

'ಮಾರ್ಗ' ಎಂಬುದು ಕನ್ನಡ ಸಾಹಿತ್ಯದ ವಿದ್ಯಾರ್ಥಿಗೆ ಹಳೆಯ ಪರಿಚಯದ ಶಬ್ದ. ನಮಗೆ ದೊರೆತಿರುವ ಮೊದಲ ಗ್ರಂಥದ ಹೆಸರಿನಲ್ಲಿಯೇ ಅದು ಸೇರಿಕೊಂಡಿದೆ. ಅಲ್ಲಿ ಅದು ಕಾವ್ಯದ ರೀತಿಯನ್ನು ಸೂಚಿಸುವ ಮಾತು. ನಾನು ಈಗ ಹೇಳಹೊರಟಿರುವುದು ಬೇರೊಂದು ಮಾರ್ಗವನ್ನು ಕುರಿತು: ಅಂತರಜಾಲದಲ್ಲಿ ಸಂದೇಶಗಳು ಸಾಗುವ ಮಾರ್ಗ. ಕನ್ನಡದ ಮೇಷ್ಟರಿಗೆ ಈ ಗೊಡವೆ ಏಕೆಂದು ಕೆಲವರು ಕೇಳಬಹುದು. ಮಾತು ಒಂದು ಓಲೆಯಿಂದ ಇನ್ನೊಂದು ಓಲೆಗೆ ದಾಟುವಾಗ ಅದಕ್ಕೆ ಏನಾಗುತ್ತದೆ ಎಂಬುದು ಗ್ರಂಥಸಂಪಾದನೆಯ ಪ್ರಶ್ನೆ. ಅದನ್ನೇ ಬಹುಕಾಲ ಪಾಠ ಹೇಳಿದ ನನಗೆ ಇಲ್ಲಿಯೂ ಅದೇ ಪ್ರಶ್ನೆ ಎದುರಾಯಿತು.

ಅಂತರಜಾಲವೆಂಬುದು ಒಂದೇ ಜಾಲವಲ್ಲ. 70,000ಕ್ಕೂ ಮಿಕ್ಕ ಸ್ವತಂತ್ರ ಜಾಲಗಳ ಕೂಟ. ದೂರವಾಣಿ ಸಂಸ್ಥೆಗಳು, ವಿಶ್ವವಿದ್ಯಾನಿಲಯಗಳು, ದೊಡ್ಡ ವ್ಯಾಪಾರ ಸಂಸ್ಥೆಗಳು ಇವುಗಳ ಒಡೆಯರು. ಒಂದೊಂದು ಜಾಲದ ಗಡಿಯಲ್ಲಿಯೂ ರೂಟರ್ ಎಂಬ ಯಂತ್ರವಿದ್ದು, ಬಂದ ಸಂದೇಶವನ್ನು ಯಾವ ಕಡೆಗೆ ಕಳುಹಿಸಬೇಕೆಂದು ತೀರ್ಮಾನಿಸುತ್ತದೆ. ಇಡೀ ಲೋಕದ ನಕ್ಷೆ ಯಾವ ರೂಟರಿನ ಬಳಿಯೂ ಇಲ್ಲ. ಗಡಿಯಾಚೆಯ ವಿಚಾರದಲ್ಲಿ ಅದು ಬಲ್ಲದ್ದು ನೆರೆಯ ರೂಟರುಗಳು ಹೇಳಿದಷ್ಟನ್ನೇ: "ಇಂಥ ವಿಳಾಸಗಳಿಗೆ ನನ್ನ ಮೂಲಕ ಹೋಗಬಹುದು, ನಡುವೆ ಇಂಥಿಂಥ ಜಾಲಗಳನ್ನು ಹಾಯಬೇಕು." ಈ ವಿನಿಮಯದ ಕಟ್ಟಳೆಗೆ ಬಾರ್ಡರ್ ಗೇಟ್‌ವೇ ಪ್ರೊಟೊಕಾಲ್, ಹ್ರಸ್ವವಾಗಿ ಬಿಜಿಪಿ, ಎಂದು ಹೆಸರು. 1989ರಲ್ಲಿ ಕರ್ಕ್ ಲಾಹೀಡ್ ಮತ್ತು ಯಾಕೊವ್ ರೆಖ್ಟರ್ ಎಂಬ ಇಬ್ಬರು ತಜ್ಞರು ಊಟಕ್ಕೆ ಕುಳಿತಾಗ, ಕೈ ಒರೆಸುವ ಕಾಗದದ ಮೇಲೆ ಇದರ ಮೊದಲ ರೂಪವನ್ನು ಗೀಚಿದರೆಂದು ಪ್ರಸಿದ್ಧಿ.

ನೆರೆಯ ಎರಡು ರೂಟರುಗಳ ಸಂಭಾಷಣೆಗೆ ಒಂದು ಕ್ರಮವಿದೆ. ಸಂಪರ್ಕ ಏರ್ಪಟ್ಟ ಕೂಡಲೇ ಪ್ರತಿಯೊಂದೂ ತಾನು ಹೇಳಬೇಕಾದ ಮಾರ್ಗಗಳೆಲ್ಲವನ್ನೂ ಇನ್ನೊಂದಕ್ಕೆ ಒಪ್ಪಿಸುತ್ತದೆ. ಆಮೇಲೆ ಬದಲಾವಣೆಯನ್ನು ಮಾತ್ರ ತಿಳಿಸುತ್ತದೆ. ಬದಲಾವಣೆ ಇಲ್ಲದಿದ್ದಾಗ, "ಇದ್ದೇನೆ" ಎಂಬ ಸಣ್ಣ ಸೂಚನೆಯನ್ನಷ್ಟೇ ಆಗಾಗ ಕಳುಹಿಸುತ್ತದೆ. ಇಂದು ಪೂರ್ಣ ಪಟ್ಟಿಯೆಂದರೆ 9 ಲಕ್ಷಕ್ಕೂ ಮೇಲ್ಪಟ್ಟ ಮಾರ್ಗಗಳು. ಹೇಳಿದ್ದನ್ನೇ ಹೇಳುತ್ತ ಕುಳಿತರೆ ಬೇರೆ ಕೆಲಸ ಸಾಗದು.

ಜಾಲವನ್ನು ನೋಡಿಕೊಳ್ಳುವ ತಂತ್ರಜ್ಞ ಏನಾದರೂ ಕೆಟ್ಟಿತೆಂದು ಶಂಕಿಸಿದಾಗ ರೂಟರಿಗೆ ಮೂರು ಪ್ರಶ್ನೆ ಹಾಕುತ್ತಾನೆ. ಈ ನೆರೆಯವನು ನಿನಗೆ ಹೇಳಿದ್ದೇನು? ಅದರಲ್ಲಿ ನೀನು ಒಪ್ಪಿದ್ದೇನು? ನೀನು ಅವನಿಗೆ ಹೇಳಿದ್ದೇನು? ಈ ಮೂರೂ ಒಂದೇ ಆಗಿರಬೇಕಿಲ್ಲ. ಪ್ರತಿ ಜಾಲಕ್ಕೂ ತನ್ನದೇ ಜರಡಿ ಇರುತ್ತದೆ. ಒಳ್ಳೆಯ ಸಂಪಾದಕ ಓಲೆಯಲ್ಲಿದ್ದ ಪಾಠವನ್ನೂ ತಾನು ಸ್ವೀಕರಿಸಿದ ಪಾಠವನ್ನೂ ಬೇರೆ ಬೇರೆಯಾಗಿ ತೋರಿಸುವಂತೆ, ಕೇಳಿದ್ದನ್ನೂ ಒಪ್ಪಿದ್ದನ್ನೂ ಬೇರ್ಪಡಿಸಿ ನೋಡಿದರೆ ಮಾತ್ರ ತಪ್ಪು ಎಲ್ಲಿ ನುಸುಳಿತೆಂದು ತಿಳಿಯುತ್ತದೆ.

ತೊಡಕು ಬರುವುದು ಜರಡಿಯನ್ನು ಬದಲಿಸಿದಾಗ. ನಿನ್ನೆ ಬೇಡವೆಂದು ಬಿಟ್ಟ ಮಾರ್ಗ ಇಂದು ಬೇಕಾಗುತ್ತದೆ. ಆದರೆ ನೆರೆಯವನು ಅದನ್ನು ಒಮ್ಮೆ ಹೇಳಿ ಮುಗಿಸಿದ್ದಾನೆ. ತಾನಾಗಿ ಮತ್ತೆ ಹೇಳುವುದಿಲ್ಲ. ಮೊದಮೊದಲು ಇದಕ್ಕೆ ಎರಡೇ ಉಪಾಯಗಳಿದ್ದವು. ಒಂದು, ಸಂಪರ್ಕವನ್ನೇ ಕಡಿದು ಹೊಸದಾಗಿ ಬೆಸೆಯುವುದು. ಕಡಿದ ಕ್ಷಣದಲ್ಲಿ ಆ ನೆರೆಯವನಿಂದ ಕಲಿತ ಮಾರ್ಗಗಳೆಲ್ಲ ಬಿದ್ದುಹೋಗುತ್ತವೆ. ಅವನ್ನೇ ನೆಚ್ಚಿದ್ದ ಸಂದೇಶಗಳು ನಡುದಾರಿಯಲ್ಲಿ ನಿಲ್ಲುತ್ತವೆ. ಆ ಸುದ್ದಿ ನೆರೆಯಿಂದ ನೆರೆಗೆ ಹಬ್ಬುತ್ತದೆ. ಇನ್ನೊಂದು, ಕೇಳಿದ್ದೆಲ್ಲದರ ಪ್ರತಿಯನ್ನು, ತಿರಸ್ಕರಿಸಿದ್ದನ್ನೂ ಸೇರಿಸಿ, ನೆನಪಿನಲ್ಲಿ ಕಾಪಾಡುವುದು. ಅದಕ್ಕೆ ಯಂತ್ರದ ಸ್ಮರಣಶಕ್ತಿ ಬಹಳವಾಗಿ ವ್ಯಯವಾಗುತ್ತಿತ್ತು. 2000ದ ಸೆಪ್ಟೆಂಬರಿನಲ್ಲಿ ಮೂರನೆಯ ಉಪಾಯ ವಿಧಿವತ್ತಾಗಿ ಪ್ರಕಟವಾಯಿತು. "ನೀನು ಹೇಳಿದ್ದನ್ನು ಇನ್ನೊಮ್ಮೆ ಹೇಳು" ಎಂದು ಕೇಳುವ ಪುಟ್ಟ ಸಂದೇಶವದು. ಅದಕ್ಕೆ 'ರೂಟ್ ರಿಫ್ರೆಶ್' ಎಂದು ಹೆಸರು; ಮಾರ್ಗಗಳ ನವೀಕರಣವೆನ್ನೋಣ. ಈ ಕೋರಿಕೆಗೆ ಉತ್ತರಿಸಬಲ್ಲೆನೆಂದು ನೆರೆಯವನು ಸಂಪರ್ಕದ ಆರಂಭದಲ್ಲಿಯೇ ತಿಳಿಸಿರಬೇಕು. ಸಂಬಂಧ ಕಡಿಯದೆ ಮತ್ತೆ ಕೇಳುವ ಈ ಸೌಜನ್ಯ ಕಟ್ಟಳೆಯೊಳಗೆ ಸೇರಲು 11 ವರ್ಷ ಹಿಡಿಯಿತೆಂಬುದು ಗಮನಾರ್ಹ.

ಆದರೆ ಮತ್ತೆ ಕೇಳಿದ ಮಾತ್ರಕ್ಕೆ ಸುಳ್ಳು ನಿಜವಾಗುವುದಿಲ್ಲ. 2008ರ ಫೆಬ್ರುವರಿ 24ರಂದು ಪಾಕಿಸ್ತಾನ ಟೆಲಿಕಾಂ, ಸರ್ಕಾರದ ಆಜ್ಞೆಯಂತೆ ಯೂಟ್ಯೂಬನ್ನು ತನ್ನ ದೇಶದೊಳಗೆ ತಡೆಯಲು, ಆ ಸಂಸ್ಥೆಯ ಒಂದಷ್ಟು ವಿಳಾಸಗಳಿಗೆ ತಾನೇ ದಾರಿಯೆಂದು ಸಾರಿತು. ಆ ಸಾರಿಕೆ ಗಡಿ ದಾಟಿತು. ಹಾಂಗ್‌ಕಾಂಗಿನ ಪಿಸಿಸಿಡಬ್ಲ್ಯು ಎಂಬ ನೆರೆಯ ಜಾಲ ಅದನ್ನು ಸೋಸದೆ ಲೋಕಕ್ಕೆ ದಾಟಿಸಿತು. ಹೆಚ್ಚು ನಿರ್ದಿಷ್ಟವಾದ ವಿಳಾಸಕ್ಕೇ ಮನ್ನಣೆ ಕೊಡುವುದು ರೂಟರುಗಳ ನಿಯಮವಾದ್ದರಿಂದ, ಸುಮಾರು 2 ಗಂಟೆಗಳ ಕಾಲ ಜಗತ್ತಿನ ಬಹುಭಾಗಕ್ಕೆ ಯೂಟ್ಯೂಬ್ ಕಾಣದಾಯಿತು. ಆಗ ನೆರೆಯವನನ್ನು ಎಷ್ಟು ಸಲ ಕೇಳಿದ್ದರೂ ಅದೇ ಉತ್ತರ ಬರುತ್ತಿತ್ತು. ಅವನೂ ಕೇಳಿದ್ದನ್ನೇ ಹೇಳುತ್ತಿದ್ದ.

ಇಂಥ ಬಾಯಿಮಾತಿಗೆ ಎದುರಾಗಿ ಈಗ ಒಂದು ಬಗೆಯ ಶಾಸನಾಧಾರವನ್ನು ಇಟ್ಟಿದ್ದಾರೆ. ವಿಳಾಸಗಳ ಒಡೆಯರು, ಅವುಗಳ ಮೂಲವೆಂದು ಹೇಳಿಕೊಳ್ಳಲು ಯಾವ ಜಾಲಕ್ಕೆ ಅಧಿಕಾರವಿದೆಯೆಂಬುದನ್ನು ಸಹಿಮಾಡಿ ದಾಖಲಿಸುತ್ತಾರೆ. ರೂಟರ್ ಕೇಳಿದ್ದನ್ನು ಅದರೊಡನೆ ಹೋಲಿಸಬಹುದು. ಇದರ ಹೆಸರು ಆರ್‌ಪಿಕೆಐ. ಆ ದಾಖಲೆ ಮೂಲವನ್ನು ಮಾತ್ರ ದೃಢಪಡಿಸುತ್ತದೆ, ನಡುವಣ ದಾರಿಯನ್ನಲ್ಲ. ದಾಖಲೆಗಳು ಆಗಾಗ ಬದಲಾಗುವುದರಿಂದ, ಪ್ರತಿ ಸಲವೂ ನೆರೆಯವನನ್ನು ಪೀಡಿಸದೆ, ಅವುಗಳ ಆಧಾರದಿಂದ ತಿರಸ್ಕರಿಸಿದ್ದರ ಪ್ರತಿಯನ್ನು ಇಟ್ಟುಕೊಂಡಿರಬೇಕೆಂದು 2022ರಲ್ಲಿ ತಜ್ಞರು ವಿಧಿಸಿದರು. ಹಳೆಯ ಎರಡನೆಯ ಉಪಾಯಕ್ಕೆ ಹೀಗೆ ಮರಳಿ ಬೆಲೆ ಬಂದಿತು.

ನಾವು ದಿನವೂ ಕಳುಹಿಸುವ ಪತ್ರ, ಹಣ, ವೈದ್ಯರ ವರದಿ ಎಲ್ಲವೂ ಈ ನೆರೆಹೊರೆಯ ಮಾತನ್ನು ನಂಬಿಯೇ ಸಾಗುತ್ತವೆ. ಆ ನಂಬಿಕೆಯನ್ನು ಕಾಯಲು ಕೇಳಿದ್ದು ಯಾವುದು, ಒಪ್ಪಿದ್ದು ಯಾವುದು ಎಂಬ ಲೆಕ್ಕ ಬೇಕು. ಸಂದೇಹ ಬಂದಾಗ ಮುನಿಯದೆ ಮತ್ತೆ ಕೇಳಬೇಕು. ಕೇಳಿದ್ದನ್ನು ಮೂಲದೊಡನೆ ಹೋಲಿಸಬೇಕು. ನಮ್ಮ ಹಿರಿಯ ಸಂಪಾದಕರು ಓಲೆಗರಿಗಳ ಮುಂದೆ ಕುಳಿತು ಮಾಡಿದ್ದೂ ಇದನ್ನೇ.