ಮಸೂರದ ಮುಂದಿನ ಬಣ್ಣದ ಗಾಜು

ಮಳೆಗಾಲ ಕಳೆದ ಮೇಲೆ ಒಂದು ದಿನ ಆಕಾಶವು ತೊಳೆದಿಟ್ಟಂತೆ ನೀಲಿಯಾಗಿರುತ್ತದೆ. ಅದರಲ್ಲಿ ಅರಳೆಯ ರಾಶಿಯಂಥ ಬಿಳಿಯ ಮೋಡಗಳು. ಕಂಡೊಡನೆ ಕ್ಯಾಮರಾವನ್ನೆತ್ತಿ ಚಿತ್ರ ತೆಗೆಯುತ್ತೇವೆ. ಫಿಲ್ಮನ್ನು ತೊಳೆದು, ಪ್ರತಿ ಮುದ್ರಿಸಿ ನೋಡಿದರೆ ಗುಡ್ಡವಿದೆ, ಮರವಿದೆ. ಮೋಡ ಮಾತ್ರ ಇಲ್ಲ. ಆಕಾಶವೆಲ್ಲ ಸುಣ್ಣ ಬಳಿದ ಗೋಡೆಯಂತೆ ಬರಿದು. ಇದಕ್ಕಾಗಿ ಕ್ಯಾಮರಾವನ್ನು ದೂರುವುದು ಸಲ್ಲದು. ಕಣ್ಣೂ ಫಿಲ್ಮೂ ಒಂದೇ ನೋಟವನ್ನು ಬೇರೆ ಬೇರೆ ಬಗೆಯಲ್ಲಿ ಕಾಣುತ್ತವೆ ಎಂಬುದನ್ನು ನಾವು ಮರೆತಿದ್ದೆವು, ಅಷ್ಟೆ.

ಹಗಲಿನಲ್ಲಿ ನಮ್ಮ ಕಣ್ಣಿಗೆ ಹಸುರು ಮತ್ತು ಹಳದಿಯ ಬೆಳಕು ಪ್ರಖರವಾಗಿಯೂ ನೀಲಿಯು ಮಂದವಾಗಿಯೂ ತೋರುತ್ತದೆ. ಫಿಲ್ಮಿನ ಲೇಪದಲ್ಲಿರುವ ಬೆಳ್ಳಿಯ ಲವಣಗಳ ಸ್ವಭಾವವೇ ಬೇರೆ. ಅವು ಸಹಜವಾಗಿ ಸ್ಪಂದಿಸುವುದು ನೀಲಿ, ನೇರಿಳೆ ಮತ್ತು ಕಣ್ಣಿಗೆ ಕಾಣದ ಅತಿನೇರಿಳೆ ಕಿರಣಗಳಿಗೆ. ಆದುದರಿಂದಲೇ ಹತ್ತೊಂಬತ್ತನೆಯ ಶತಮಾನದ ಛಾಯಾಚಿತ್ರಗಳಲ್ಲಿ ಆಕಾಶವು ಬಹುಮಟ್ಟಿಗೆ ಬೆಳ್ಳಗಿರುತ್ತದೆ. ಫ್ರಾನ್ಸಿನ ಗುಸ್ತಾವ್ ಲ ಗ್ರೇ 1850ರ ದಶಕದಲ್ಲಿ ಕಡಲಿಗೊಂದು, ಮುಗಿಲಿಗೊಂದು ಎಂದು ಎರಡು ನೆಗೆಟಿವುಗಳನ್ನು ತೆಗೆದು ಒಂದೇ ಕಾಗದದ ಮೇಲೆ ಮುದ್ರಿಸಿದುದುಂಟು. 1873ರಲ್ಲಿ ಜರ್ಮನಿಯ ಹರ್ಮನ್ ಫೋಗೆಲ್, ಲೇಪಕ್ಕೆ ತಕ್ಕ ಬಣ್ಣವನ್ನು ಬೆರೆಸಿದರೆ ಅದು ಹಸುರನ್ನೂ ಗ್ರಹಿಸಬಲ್ಲದೆಂದು ಕಂಡುಕೊಂಡನು. 1906ರಲ್ಲಿ ಇಂಗ್ಲೆಂಡಿನ ರಾಟನ್ ಮತ್ತು ವೇನ್‌ರೈಟ್ ಸಂಸ್ಥೆ ಕೆಂಪನ್ನೂ ಕಾಣಬಲ್ಲ ಪ್ಯಾಂಕ್ರೊಮ್ಯಾಟಿಕ್ ಫಲಕಗಳನ್ನು ಮಾರಾಟಕ್ಕೆ ತಂದಿತು. ಇಂದಿಗೂ ತಯಾರಾಗುತ್ತಿರುವ ಕಪ್ಪು-ಬಿಳುಪು ಫಿಲ್ಮುಗಳಲ್ಲಿ ಹೆಚ್ಚಿನವು ಈ ಜಾತಿಯವೇ. ಆದರೂ ನೀಲಿಯ ಮೇಲಿನ ಹಳೆಯ ಒಲವು ಅವನ್ನು ಪೂರ್ತಿ ಬಿಟ್ಟಿಲ್ಲ.

ಈ ಒಲವಿಗೆ ಕಡಿವಾಣ ಹಾಕಲು ಮಸೂರದ ಮುಂದೆ ಕೂರಿಸುವ ಬಣ್ಣದ ಗಾಜಿಗೆ ಫಿಲ್ಟರು ಎಂದು ಹೆಸರು. ಅದು ಬೆಳಕಿಗೆ ಏನನ್ನೂ ಕೂಡಿಸುವುದಿಲ್ಲ. ತನ್ನ ಬಣ್ಣದ ಬೆಳಕನ್ನು ಒಳಗೆ ಬಿಟ್ಟು ವಿರುದ್ಧ ಬಣ್ಣದ್ದನ್ನು ಹೊಸ್ತಿಲಲ್ಲೇ ತಡೆಯುತ್ತದೆ. ದಾಸವಾಳದ ಗಿಡವನ್ನು ನೋಡೋಣ. ಕಣ್ಣಿಗೆ ಹಸುರೆಲೆಗಳ ನಡುವೆ ಕೆಂಪು ಹೂವು ಎದ್ದು ಕಾಣುತ್ತದೆ. ಫಿಲ್ಮಿನಲ್ಲಿ ಹೂವೂ ಎಲೆಯೂ ಒಂದೇ ಬೂದು ಬಣ್ಣವಾಗಿ ಬೆರೆತುಹೋಗಬಹುದು. ಕೆಂಪು ಗಾಜನ್ನಿಟ್ಟರೆ ಹೂವು ಬಿಳುಪಾಗಿ ಎಲೆ ಕಪ್ಪಾಗುತ್ತದೆ. ಹಸುರು ಗಾಜನ್ನಿಟ್ಟರೆ ಎಲೆ ತಿಳಿಯಾಗಿ ಹೂವು ಕಪ್ಪಾಗುತ್ತದೆ. ಯಾವುದು ಬೇಕೆಂಬುದನ್ನು ಗುಂಡಿ ಒತ್ತುವ ಮೊದಲೇ ತೀರ್ಮಾನಿಸಬೇಕು.

ಈ ತೀರ್ಮಾನ ಎಷ್ಟು ದೊಡ್ಡದಾಗಬಹುದು ಎಂಬುದಕ್ಕೆ ಒಂದು ಪ್ರಸಿದ್ಧ ನಿದರ್ಶನವಿದೆ. 1927ರ ಏಪ್ರಿಲಿನಲ್ಲಿ ಆನ್ಸೆಲ್ ಆಡಮ್ಸ್ ಎಂಬ ಇಪ್ಪತ್ತೈದು ವರ್ಷದ ಅಮೆರಿಕನ್ ತರುಣನು ಕ್ಯಾಲಿಫೋರ್ನಿಯದ ಯೊಸೆಮಿಟಿ ಕಣಿವೆಯಲ್ಲಿ, ಹಾಫ್ ಡೋಮ್ ಎಂಬ ಮಹಾಬಂಡೆಯ ಚಿತ್ರಕ್ಕಾಗಿ, ಭಾರವಾದ ಕ್ಯಾಮರಾವನ್ನೂ ಗಾಜಿನ ಫಲಕಗಳನ್ನೂ ಬೆನ್ನಿಗೇರಿಸಿಕೊಂಡು ಬೆಟ್ಟ ಹತ್ತಿದನು. ಬಂಡೆಯ ಎದುರಿಗೆ ನಿಂತಾಗ ಅವನಲ್ಲಿ ಉಳಿದಿದ್ದವು ಎರಡೇ ಫಲಕ. ಮಧ್ಯಾಹ್ನದ ಬಿಸಿಲು ಬಂಡೆಯ ಮುಖಕ್ಕೆ ಬರುವವರೆಗೆ ಕಾದು, ವಾಡಿಕೆಯಂತೆ ಹಳದಿ ಫಿಲ್ಟರನ್ನಿಟ್ಟು ಒಂದು ಫಲಕವನ್ನು ಮುಗಿಸಿದನು. ಮುಗಿಸಿದೊಡನೆ ಅವನಿಗೆ ಅನುಮಾನ ಬಂತು. ಚಿತ್ರ ಸರಿಯಾಗಿಯೇ ಬರುತ್ತದೆ. ಆದರೆ ಈ ಬಂಡೆಯ ಮುಂದೆ ನಿಂತು ತನಗಾದ ದಿಗ್ಭ್ರಮೆ ಅದರಲ್ಲಿ ಬರುವುದಿಲ್ಲ. ಉಳಿದದ್ದು ಇನ್ನೊಂದೇ ಫಲಕ. ಹಳದಿಯನ್ನು ತೆಗೆದು ರಾಟನ್ 29 ಎಂಬ ಕಡುಗೆಂಪು ಫಿಲ್ಟರನ್ನು ಹಾಕಿ, ಎಫ್ 22ರ ಕಿರಿದಾದ ದ್ವಾರದಲ್ಲಿ 5 ಸೆಕೆಂಡು ಬೆಳಕು ತೋರಿಸಿದನು. ಆಕಾಶವು ಅಮಾವಾಸ್ಯೆಯಷ್ಟು ಕಪ್ಪಾಗಿ, ಹಿಮವು ಬೆಳಗಿ, ಬಂಡೆಯು ನಡುವೆ ಎದ್ದು ನಿಂತಿತು. ‘ಮಾನೊಲಿತ್’ ಎಂದು ಲೋಕವೆಲ್ಲ ಬಲ್ಲ ಚಿತ್ರ ಇದೇ. ಅಂಥ ಆಕಾಶವನ್ನು ಅಂದು ಯಾರ ಕಣ್ಣೂ ಕಂಡಿರಲಿಲ್ಲವೆಂಬುದು ನಿಜ. ನಾವಂತೂ ಅದನ್ನು ಸುಳ್ಳೆನ್ನಲಾರೆವು.

ಆ 5 ಸೆಕೆಂಡು ಏಕೆ ಬೇಕಾಯಿತು? ತಡೆದ ಬೆಳಕಿಗೆ ಬದಲಾಗಿ ಹೆಚ್ಚು ಹೊತ್ತು ತೋರಿಸಬೇಕಷ್ಟೆ. ಹಗಲಿನಲ್ಲಿ ಸಾಧಾರಣ ಹಳದಿಗೆ ಸುಮಾರು 2 ಪಟ್ಟು, ಕಿತ್ತಳೆಗೆ 4 ಪಟ್ಟು, ಕೆಂಪಿಗೆ 8 ಪಟ್ಟು ಬೆಳಕು ಬೇಕು. ಸೆಕೆಂಡಿನ 125ನೆಯ ಒಂದು ಭಾಗ ಸಾಕಾಗುವಲ್ಲಿ ಕೆಂಪಿಟ್ಟರೆ 15ನೆಯ ಒಂದು ಭಾಗವಾಯಿತು. ಕೈಯಲ್ಲಿ ಹಿಡಿದ ಕ್ಯಾಮರಾ ಅಷ್ಟರಲ್ಲಿ ಅಲುಗಿಯೇ ಅಲುಗುತ್ತದೆ. ಮಸೂರದ ಮೂಲಕವೇ ಬೆಳಕನ್ನು ಅಳೆಯುವ ಕ್ಯಾಮರಾ ಈ ಲೆಕ್ಕವನ್ನು ತಾನೇ ಮಾಡಿಕೊಳ್ಳುತ್ತದಾದರೂ, ಕಡುಗೆಂಪಿನ ಮುಂದೆ ಅದೂ ಕೆಲವೊಮ್ಮೆ ಮೋಸಹೋಗುತ್ತದೆ.

ಇನ್ನೊಂದು ತೊಡಕು: ಬಯಲಿನ ನೆರಳುಗಳನ್ನು ಬೆಳಗುವುದು ನೀಲಿ ಆಕಾಶವೇ ಆದುದರಿಂದ, ಕೆಂಪು ಗಾಜು ಆಕಾಶದೊಂದಿಗೆ ನೆರಳನ್ನೂ ಕಪ್ಪಾಗಿಸುತ್ತದೆ. ಮೋಡ ಕವಿದ ದಿನ ಬೂದು ಆಕಾಶಕ್ಕೆ ಕೆಂಪು ಗಾಜು ಹಿಡಿಯುವುದು ವ್ಯರ್ಥ. ತಡೆಯಲು ಅಲ್ಲಿ ನೀಲಿಯೇ ಇಲ್ಲ. ದೂರದ ಬೆಟ್ಟಗಳ ಮೇಲಿನ ತೆಳು ನೀಲಿ ಮಸುಕನ್ನು ಮಾತ್ರ ಅದು ಚೆನ್ನಾಗಿ ಸೀಳುತ್ತದೆ. ಗಾಳಿಯ ಅಣುಗಳು ನೇರಿಳೆಯ ಕಿರಣಗಳನ್ನು ಕಡುಗೆಂಪಿಗಿಂತ ಸುಮಾರು 9 ಪಟ್ಟು ಹೆಚ್ಚಾಗಿ ಚದರಿಸುತ್ತವೆ. ಮಂಜಿನ ಹನಿಗಳಾದರೋ ಎಲ್ಲ ಬಣ್ಣಗಳನ್ನೂ ಸಮನಾಗಿ ಚದರಿಸುವುವು. ಅಲ್ಲಿ ಯಾವ ಗಾಜೂ ನಡೆಯದು.

ಮನುಷ್ಯರ ಚಿತ್ರಕ್ಕೆ ಕೆಂಪನ್ನು ಬಳಸುವವರು ಎಚ್ಚರವಾಗಿರಬೇಕು. ಮೊಡವೆಯ ಕಲೆಗಳು ಅಳಿಸಿಹೋಗುವುದೇನೋ ಹೌದು. ಅವುಗಳೊಂದಿಗೆ ತುಟಿಯ ಬಣ್ಣವೂ ಹಣೆಯ ಕುಂಕುಮವೂ ಅಳಿಸಿಹೋಗುತ್ತವೆ. ಮದುವೆಯ ಮನೆಯಲ್ಲಿ ಇಂಥ ಪ್ರತಿಗಳನ್ನು ಹಂಚಿದ ಛಾಯಾಗ್ರಾಹಕನು ಮತ್ತೆ ಆ ಬೀದಿಗೆ ಹೋಗುವಂತಿಲ್ಲ. ಬಯಲಿನಲ್ಲಿ ಮುಖಗಳಿಗೆ ಹಳದಿ ಮಿಶ್ರಿತ ಹಸುರು ಒಳ್ಳೆಯದು: ಚರ್ಮವು ಸಹಜವಾಗಿ ಬರುತ್ತದೆ, ಹಿಂದಿನ ಎಲೆಗಳು ತಿಳಿಯಾಗುತ್ತವೆ, ಕುಂಕುಮವೂ ಉಳಿಯುತ್ತದೆ. ಕೆಂಪನ್ನು ಕಾಣದ ಆರ್ಥೊಕ್ರೊಮ್ಯಾಟಿಕ್ ಫಿಲ್ಮಿನಲ್ಲಿ ಕುಂಕುಮವು ಯಾವ ಗಾಜಿನ ನೆರವೂ ಇಲ್ಲದೆ ಕಾಡಿಗೆಯಂತೆ ಕಪ್ಪಾಗಿ ಬರುತ್ತದೆ. ಆ ಫಿಲ್ಮಿಗೆ ಕೆಂಪು ಗಾಜನ್ನು ಹಿಡಿಯುವುದೂ ಮಸೂರಕ್ಕೆ ಮುಚ್ಚಳ ಹಾಕುವುದೂ ಒಂದೇ.