ಕೂಸಿನ ಮೊದಲ ತುತ್ತು: ತಪ್ಪು ಕಲ್ಪನೆ ಮತ್ತು ಸತ್ಯ

ಹಡಗಲಿ ತಾಲ್ಲೂಕಿನ ಹೊಳಲು ಇರಲಿ, ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿ ಸೀಮೆಯ ಬೇರೆ ಯಾವುದೇ ಊರಿರಲಿ, ಕೂಸಿಗೆ ಮೊದಲ ತುತ್ತು ಉಣ್ಣಿಸಲು ಬೇಕಾದ ಕಾಳುಕಡಿಗೆ ದೂರ ಹೋಗಬೇಕಿಲ್ಲ. ಜೋಳ, ಸಜ್ಜೆ, ನವಣೆ, ಶೇಂಗಾ ಇದೇ ಸೀಮೆಯ ಬೆಳೆಗಳು. ಆದರೂ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಕರ್ನಾಟಕದಲ್ಲಿ ಆರು ತಿಂಗಳಿಂದ ಐದು ವರ್ಷದೊಳಗಿನ ಪ್ರತಿ 100 ಮಕ್ಕಳಲ್ಲಿ ಸುಮಾರು 65 ಮಕ್ಕಳಿಗೆ ರಕ್ತಹೀನತೆ ಇತ್ತು. ಇದಕ್ಕೆ ಬಡತನವೊಂದೇ ಕಾರಣವಲ್ಲ. ಯಾವಾಗ ಉಣ್ಣಿಸಬೇಕು, ಏನು ಉಣ್ಣಿಸಬೇಕು ಎಂಬ ವಿಷಯದಲ್ಲಿ ಬೇರೂರಿದ ತಪ್ಪು ತಿಳಿವಳಿಕೆಯೂ ಕಾರಣ.

ತಪ್ಪು ಕಲ್ಪನೆ: ಬಿಸಿಲಿಗೆ ಕೂಸಿನ ಬಾಯಿ ಒಣಗುತ್ತದೆ, ಮೂರು-ನಾಲ್ಕು ತಿಂಗಳಿಗೇ ನೀರು ಕುಡಿಸಬೇಕು.
ಸತ್ಯ: ಎದೆಹಾಲಿನಲ್ಲಿ ಶೇಕಡಾ 88ರಷ್ಟು ನೀರೇ ಇದೆ. ನಮ್ಮ ಕಡೆಯ ಏಪ್ರಿಲ್ ಬಿಸಿಲಿಗೂ ಅದು ಸಾಕು. ಆರು ತಿಂಗಳು ತುಂಬುವ ಮೊದಲು ನೀರು ಕುಡಿಸಿದರೆ ಕೂಸಿನ ಹೊಟ್ಟೆ ತುಂಬಿ ಹಾಲು ಕುಡಿಯುವುದು ಕಡಿಮೆಯಾಗುತ್ತದೆ. ಭೇದಿಯ ಭಯ ಬೇರೆ.

ತಪ್ಪು ಕಲ್ಪನೆ: ಹಲ್ಲು ಬಂದ ಮೇಲೆ ಊಟ ಶುರು ಮಾಡಿದರಾಯಿತು.
ಸತ್ಯ: ಮೆತ್ತಗೆ ನುರಿದ ಅನ್ನವನ್ನು ಕೂಸು ವಸಡಿನಿಂದಲೇ ಅರೆದು ನುಂಗಬಲ್ಲದು. ಹುಟ್ಟುವಾಗ ತಾಯಿಯಿಂದ ಪಡೆದು ಬಂದ ಕಬ್ಬಿಣದ ಅಂಶ ಆರು ತಿಂಗಳ ಹೊತ್ತಿಗೆ ಬಹುತೇಕ ಮುಗಿದಿರುತ್ತದೆ. ಎದೆಹಾಲಿನಿಂದ ಮಾತ್ರ ಆ ಕೊರತೆ ತುಂಬುವುದಿಲ್ಲ. ಆದ್ದರಿಂದ 180 ದಿನ ತುಂಬಿದ ಕೂಡಲೇ ಉಣ್ಣಿಸಲು ಶುರು ಮಾಡಿ. ಎದೆಹಾಲನ್ನು ಎರಡು ವರ್ಷದವರೆಗೂ, ಅದರಾಚೆಗೂ ಮುಂದುವರಿಸಬಹುದು.

ತಪ್ಪು ಕಲ್ಪನೆ: ಎಳೆಗೂಸಿಗೆ ಬೇಳೆ ಕಟ್ಟು, ಗಂಜಿಯ ತಿಳಿಯೇ ಸರಿ, ಗಟ್ಟಿ ಊಟ ಅರಗುವುದಿಲ್ಲ.
ಸತ್ಯ: ಹೆಚ್ಚು ಹಾನಿ ಮಾಡುತ್ತಿರುವ ನಂಬಿಕೆ ಇದೇ. ಕೂಸಿನ ಹೊಟ್ಟೆ ತೀರ ಚಿಕ್ಕದು. ಅದನ್ನು ತಿಳಿಯಿಂದ ತುಂಬಿಸಿದರೆ ಹೊಟ್ಟೆ ತುಂಬುತ್ತದೆಯೇ ಹೊರತು ಮೈಗೆ ಶಕ್ತಿ ಸೇರುವುದಿಲ್ಲ. ಆರರಿಂದ ಎಂಟು ತಿಂಗಳ ಕೂಸಿಗೆ ಎದೆಹಾಲಿನ ಜೊತೆಗೆ ಊಟದಿಂದ ದಿನಕ್ಕೆ ಸುಮಾರು 200 ಕ್ಯಾಲೊರಿ ಬೇಕು. ಚಮಚ ಓರೆ ಮಾಡಿದಾಗ ಊಟ ನೀರಿನಂತೆ ಸುರಿಯಬಾರದು, ಚಮಚದಲ್ಲೇ ನಿಲ್ಲಬೇಕು. ಕಟ್ಟು ಬಸಿಯದೆ ಬೇಳೆಯನ್ನೇ ಅನ್ನದೊಂದಿಗೆ ನುರಿದು, ಬೆಂದ ನುಗ್ಗೆ ಸೊಪ್ಪೋ ಗಜ್ಜರಿಯೋ ಸೇರಿಸಿ, ಒಂದು ಚಿಕ್ಕ ಚಮಚ ತುಪ್ಪ ಹಾಕಿ. ರಾಗಿ ಅಥವಾ ಸಜ್ಜೆಯನ್ನು ರಾತ್ರಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ, ಹದವಾಗಿ ಹುರಿದು ಬೀಸಿದ ಹಿಟ್ಟು ಇನ್ನೂ ಒಳ್ಳೆಯದು. ಮೊಳಕೆಯಲ್ಲಿ ಹುಟ್ಟುವ ಕಿಣ್ವ ಪಿಷ್ಟವನ್ನು ಒಡೆಯುವುದರಿಂದ, ಹೆಚ್ಚು ಹಿಟ್ಟು ಹಾಕಿ ಬೇಯಿಸಿದರೂ ‘ಸರಿ’ (ಹಿಟ್ಟಿನ ಗಂಜಿ) ಅಂಟಂಟಾಗುವುದಿಲ್ಲ. ಕೂಸು ಸಲೀಸಾಗಿ ನುಂಗುತ್ತದೆ.

ಮೊದಲ ದಿನಗಳಲ್ಲಿ ಎರಡು-ಮೂರು ಚಮಚ ಸಾಕು. ಎಂಟು ತಿಂಗಳವರೆಗೆ ದಿನಕ್ಕೆ ಎರಡು-ಮೂರು ಸಲ, ಆಮೇಲೆ ಮೂರು-ನಾಲ್ಕು ಸಲ ಉಣ್ಣಿಸಿ.

ತಪ್ಪು ಕಲ್ಪನೆ: ತತ್ತಿ ಉಷ್ಣ, ಶೇಂಗಾ ಪಿತ್ತ, ವರ್ಷ ತುಂಬುವವರೆಗೆ ಬೇಡ.
ಸತ್ಯ: ಚೆನ್ನಾಗಿ ಬೇಯಿಸಿದ ತತ್ತಿಯನ್ನು ಆರು ತಿಂಗಳಿಂದಲೇ ಕೊಡಬಹುದು. ಅಲರ್ಜಿಯ ಅಪಾಯ ಹೆಚ್ಚಿದ್ದ ಕೂಸುಗಳಿಗೆ ಬೇಗನೆ ಶೇಂಗಾ ತಿನ್ನಿಸಿದಾಗ ಶೇಂಗಾ ಅಲರ್ಜಿ ಶೇಕಡಾ 80ರಷ್ಟು ಕಡಿಮೆಯಾಯಿತು ಎಂದು ಲಂಡನ್ನಿನ ವೈದ್ಯರು 2015ರಲ್ಲಿ ತೋರಿಸಿಕೊಟ್ಟರು. ಶೇಂಗಾವನ್ನು ಹುರಿದು, ನುಣ್ಣಗೆ ಅರೆದು, ಸರಿಯಲ್ಲಿ ಕಲಸಿ ಕೊಡಿ. ಇಡೀ ಕಾಳನ್ನು ಮಾತ್ರ ಕೊಡಬೇಡಿ, ಗಂಟಲಲ್ಲಿ ಸಿಕ್ಕಿಕೊಂಡರೆ ಜೀವಕ್ಕೇ ಅಪಾಯ. ಕೂಸಿಗೆ ತೀವ್ರ ಇಸುಬು ಇದ್ದರೆ ಮೊದಲು ವೈದ್ಯರನ್ನು ಕೇಳಿ.

ತಪ್ಪು ಕಲ್ಪನೆ: ಜೇನು ನೆಕ್ಕಿಸಿದರೆ ಮಾತು ಚೊಕ್ಕ ಬರುತ್ತದೆ.
ಸತ್ಯ: ಜೇನಿಗೂ ಮಾತಿಗೂ ಸಂಬಂಧವಿಲ್ಲ. ಜೇನಿನಲ್ಲಿ ಇರಬಹುದಾದ ಬ್ಯಾಕ್ಟೀರಿಯಾ ಬೀಜಾಣುಗಳು ಕೂಸಿನ ಕರುಳಿನಲ್ಲಿ ವಿಷ ಹುಟ್ಟಿಸಿ ಸ್ನಾಯುಗಳ ಶಕ್ತಿಯನ್ನೇ ಕುಂದಿಸಬಲ್ಲವು. ವರ್ಷ ತುಂಬುವವರೆಗೆ ಒಂದು ಹನಿಯೂ ಬೇಡ. ಉಪ್ಪು, ಸಕ್ಕರೆ, ಬೆಲ್ಲವೂ ಬೇಡ.

ತಪ್ಪು ಕಲ್ಪನೆ: ಚಹಾದಲ್ಲಿ ಬಿಸ್ಕತ್ತು ಅದ್ದಿ ಕೊಟ್ಟರೆ ಹೊಟ್ಟೆ ತುಂಬುತ್ತದೆ.
ಸತ್ಯ: ಬಿಸ್ಕತ್ತು ಎಂದರೆ ಮೈದಾ ಮತ್ತು ಸಕ್ಕರೆ. ಚಹಾದ ಒಗರು ಅಂಶ ಊಟದಲ್ಲಿರುವ ಕಬ್ಬಿಣ ಮೈಗೆ ಹತ್ತದಂತೆ ತಡೆಯುತ್ತದೆ. ಅದರ ಬದಲು ಒಂದು ಬಾಳೆಹಣ್ಣನ್ನು ಕಿವಿಚಿ ಕೊಡಿ. ಬಾಳೆಹಣ್ಣಿನಿಂದ ನೆಗಡಿ ಬರುತ್ತದೆ ಎಂಬುದೂ ತಪ್ಪು ಕಲ್ಪನೆಯೇ.

ತಪ್ಪು ಕಲ್ಪನೆ: ಭೇದಿಯಾದಾಗ ಹೊಟ್ಟೆಗೆ ಬಿಡುವು ಕೊಡಬೇಕು.
ಸತ್ಯ: ಆಗಲೇ ಕೂಸಿಗೆ ಊಟ ಹೆಚ್ಚು ಬೇಕು. ಎದೆಹಾಲು, ಓಆರ್‌ಎಸ್ ಕೊಡುತ್ತಾ, ಸ್ವಲ್ಪ ಸ್ವಲ್ಪವಾಗಿ ಹಲವು ಸಲ ಉಣ್ಣಿಸಿ. ವೈದ್ಯರು ಹೇಳಿದಂತೆ 14 ದಿನ ಜಿಂಕ್ ಕೊಡಿ.

ತಾಯಿ ಹೊಲಕ್ಕೆ ಹೋದಾಗ ಕೂಸಿಗೆ ಉಣ್ಣಿಸುವವಳು ಅಜ್ಜಿ. ಹಾಗಾಗಿ ಈ ಮಾತು ಅಜ್ಜಿಗೂ ಮುಟ್ಟಬೇಕು. ಅಂಗನವಾಡಿಯಲ್ಲಿ ಆರು ತಿಂಗಳಿಂದ ಮೂರು ವರ್ಷದ ಮಕ್ಕಳಿಗೆ ಮನೆಗೆ ಕೊಡುವ ಪೌಷ್ಟಿಕ ಆಹಾರ ಕೂಸಿನ ಹಕ್ಕು. ಅದು ಕೂಸಿನ ಹೊಟ್ಟೆಗೇ ಸೇರಲಿ. ಆಶಾ ಕಾರ್ಯಕರ್ತೆಯನ್ನು ಕೇಳಿ ಕಬ್ಬಿಣಾಂಶದ ಸಿರಪ್ ಪಡೆದು ವಾರಕ್ಕೆರಡು ಸಲ ಹಾಕಿ. ತಿಂಗಳಿಗೊಮ್ಮೆ ತೂಕ ಮಾಡಿಸಿ. ತೂಕ ಏರದಿದ್ದರೆ ತಡ ಮಾಡದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ.