'ಬಿಟ್ಟುಕೊಟ್ಟವರು' ಯಾರು?

ಹನುಮಂತನಗರದ ನಮ್ಮ ಮನೆಯ ಜಗಲಿಯಲ್ಲಿ ಕುಳಿತು ಬೆಳಗಿನ ಪತ್ರಿಕೆಯನ್ನು ತೆರೆದರೆ 'ಬಿಟ್ಟುಕೊಡು' ಎಂಬ ಕ್ರಿಯಾಪದವು ಹಲವೆಡೆ ಎದುರಾಗುತ್ತದೆ. ಬೌಲರನು ರನ್ನುಗಳನ್ನು ಬಿಟ್ಟುಕೊಡುತ್ತಾನೆ. ಮುಖಂಡರು ಕ್ಷೇತ್ರವನ್ನು ಬಿಟ್ಟುಕೊಡುತ್ತಾರೆ. ಒಬ್ಬನದು ನಿರುಪಾಯ, ಇನ್ನೊಬ್ಬರದು ಇಚ್ಛೆ. ಪದ ಮಾತ್ರ ಒಂದೇ. ಆಟದಲ್ಲಿ ಇದರಿಂದ ಹಾನಿಯಿಲ್ಲ.

ಆದರೆ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿಯ ಕಣಿವೆಯ ಊರುಗಳು ಮುಳುಗಿದುವು. ಆ ಊರವರನ್ನು, ನಾಡಿನ ಬೆಳಕಿಗಾಗಿ ನೆಲವನ್ನು ತ್ಯಾಗಮಾಡಿದವರೆಂದು ಪತ್ರಿಕೆಗಳು ಇಂದಿಗೂ ಗೌರವದಿಂದ ಬರೆಯುತ್ತವೆ. ತ್ಯಜಿಸುವವನಿಗೆ ತ್ಯಜಿಸದಿರುವ ಸ್ವಾತಂತ್ರ್ಯವೂ ಇರಬೇಕಷ್ಟೆ? ನೀರು ಅವರ ಒಪ್ಪಿಗೆಯನ್ನು ಕೇಳಿ ಏರಲಿಲ್ಲ. ಅವರ ಮಕ್ಕಳು ಮೊಮ್ಮಕ್ಕಳಲ್ಲಿ ಹಲವರು ಇಂದೂ ಹಕ್ಕುಪತ್ರಕ್ಕಾಗಿ ಕಾಯುತ್ತಿದ್ದಾರೆ. ತ್ಯಾಗವೆಂದರೆ ಕೃತಜ್ಞತೆಯಿಂದಲೇ ಋಣ ತೀರಿತೆನಿಸೀತು. 'ಕಳೆದುಕೊಂಡರು' ಎಂದು ಬರೆದರೆ, ಕೊಡಬೇಕಾದ್ದು ಇನ್ನೂ ಉಳಿದಿದೆಯೆಂಬುದು ಓದುಗನಿಗೆ ನೆನಪಾದೀತು.